ಪ್ರಾಕ್ಟಿಕಲ್ ಶೂಟಿಂಗ್ ಕಲಿಸುವ ವಿಡಿಯೊಗಳು: ಕೊಂಡದ್ದೆಷ್ಟು, ಕೈಗೆ ಹತ್ತಿದ್ದೆಷ್ಟು

ಕಳೆದ ಮೂರು ವರ್ಷಗಳಲ್ಲಿ ಪಿಸ್ತೂಲು ಶೂಟಿಂಗ್ ಕಲಿಸುವ ವಿಡಿಯೊಗಳಿಗೆ ನಾನು ಸುರಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಉಳಿದದ್ದು ಮಾತ್ರ ನನ್ನ ಮ್ಯಾಚಿನ ಅಂಕಗಳಲ್ಲಿ ಕಾಣಿಸಿಕೊಂಡಿದೆ. ಯಾವುದು ವ್ಯರ್ಥವಾಯಿತು, ಯಾವುದು ಫಲಿಸಿತು, ಕೊಳ್ಳುವ ಮೊದಲೇ ಅದನ್ನು ಗುರುತಿಸಬಹುದಿತ್ತೇ ಎಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ನಾನು ಟೆಕ್ಸಸ್‌ನ ಡಲ್ಲಾಸ್ ಸಮೀಪ ವಾಸಿಸುವ, ನಲವತ್ತೈದು ದಾಟಿದ, ಪ್ರೋಗ್ರೆಸಿವ್ ಕನ್ನಡಕ ಹಾಕುವ ಸಾಫ್ಟ್‌ವೇರ್ ಉದ್ಯೋಗಿ. ತಿಂಗಳಿಗೊಂದು, ಹೆಚ್ಚೆಂದರೆ ಎರಡು ಮ್ಯಾಚ್ ಆಡುತ್ತೇನೆ; ಗುರಿಯಿಡಲು ಗಾಜಿನಲ್ಲಿ ಕೆಂಪು ಬಿಂದು ತೋರಿಸುವ ರೆಡ್ ಡಾಟ್ ಕೂರಿಸಿದ ಪಿಸ್ತೂಲುಗಳ ಕ್ಯಾರಿ ಆಪ್ಟಿಕ್ಸ್ ವಿಭಾಗದಲ್ಲಿ ಸಿ ದರ್ಜೆಯಲ್ಲಿ ಬಹುಕಾಲ ಕುಳಿತಿದ್ದು ಈ ವರ್ಷವಷ್ಟೇ ಬಿ ದರ್ಜೆಗೆ ಏರಿದ್ದೇನೆ. ಆದ್ದರಿಂದ ಇದು ಚಾಂಪಿಯನ್ನನ ಮಾತಲ್ಲ, ಕಲಿಯುವವನ ಲೆಕ್ಕ.

ಈ ಕ್ರೀಡೆಯ ಪರಿಚಯವಿಲ್ಲದವರಿಗೆ ಒಂದೆರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗದು. ಶೂಟಿಂಗ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರ ಕಣ್ಣಮುಂದೆ ಬರುವುದು 10 ಮೀಟರ್ ಏರ್ ಪಿಸ್ತೂಲು: 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಬೆಳ್ಳಿ ಗೆದ್ದ ಸ್ಪರ್ಧೆ. ಅಲ್ಲಿ ನಿಂತಲ್ಲೇ ನಿಂತು, ಒಂದೇ ಕೈ ಚಾಚಿ, 75 ನಿಮಿಷಗಳಲ್ಲಿ 60 ಗುಂಡು ಹೊಡೆಯುತ್ತಾರೆ. ಪ್ರಾಕ್ಟಿಕಲ್ ಶೂಟಿಂಗ್ ಅದಕ್ಕೆ ತೀರ ತದ್ವಿರುದ್ಧ. 1976ರಲ್ಲಿ ಅಮೆರಿಕದ ಮಿಸ್ಸೌರಿ ರಾಜ್ಯದ ಕೊಲಂಬಿಯಾ ನಗರದಲ್ಲಿ ನಡೆದ ಸಭೆಯಲ್ಲಿ ಐಪಿಎಸ್‌ಸಿ ಎಂಬ ಅಂತಾರಾಷ್ಟ್ರೀಯ ಸಂಸ್ಥೆ ಹುಟ್ಟಿತು; ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷರು. ನಿಖರತೆ, ಬಲ, ವೇಗ ಎಂಬ ಅರ್ಥದ ಮೂರು ಲ್ಯಾಟಿನ್ ಪದಗಳೇ ಅದರ ಧ್ಯೇಯವಾಕ್ಯ. 1984ರಲ್ಲಿ ರೂಪುಗೊಂಡ ಯುಎಸ್‌ಪಿಎಸ್‌ಎ ಅದರ ಅಮೆರಿಕದ ಅಂಗ. ಇಲ್ಲಿ ಟೈಮರ್ ಬೀಪ್ ಎಂದೊಡನೆ ಸೊಂಟದ ಒರೆಯಿಂದ, ಅಂದರೆ ಹೋಲ್‌ಸ್ಟರ್‌ನಿಂದ, ಪಿಸ್ತೂಲು ತೆಗೆದು, ಗೋಡೆಗಳ ಸಂದಿಯಿಂದ, ಓಡಿ ನಿಂತು, ಕೆಲವೊಮ್ಮೆ ನಡೆಯುತ್ತಲೇ, ರಟ್ಟಿನ ಟಾರ್ಗೆಟ್‌ಗಳಿಗೂ ಕಬ್ಬಿಣದ ಫಲಕಗಳಿಗೂ ಗುಂಡು ಹೊಡೆಯಬೇಕು.

ಅಂಕ ಹಾಕುವ ಕ್ರಮವೇ ಈ ಆಟದ ಜೀವಾಳ. ರಟ್ಟಿನ ಟಾರ್ಗೆಟ್‌ನ ನಡುವಿನ ಎ ವಲಯಕ್ಕೆ 5 ಅಂಕ. ನನ್ನ ವಿಭಾಗದಲ್ಲಿ ಅದರ ಸುತ್ತಲಿನ ಸಿ ವಲಯಕ್ಕೆ 3, ಹೊರಗಿನ ಡಿ ವಲಯಕ್ಕೆ 1. ಗುಂಡು ಪೂರ್ತಿ ತಪ್ಪಿದರೆ 10 ಅಂಕ ಕಡಿತ. ಒಟ್ಟು ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದರೆ ಬರುವುದೇ ಹಿಟ್ ಫ್ಯಾಕ್ಟರ್. ನಿಧಾನವಾಗಿ ಚೆನ್ನಾಗಿ ಹೊಡೆದವನೂ ಸೋಲುತ್ತಾನೆ, ಬೇಗ ಬೇಗ ಕೆಟ್ಟದಾಗಿ ಹೊಡೆದವನೂ ಸೋಲುತ್ತಾನೆ. ವಿಡಿಯೊ ಮಾರುವವರಲ್ಲಿ ಬಹುಪಾಲು ಜನ ಈ ಭಾಗಾಕಾರದ ಮೇಲಿನ ಸಂಖ್ಯೆಯನ್ನು ಮರೆತು ಕೆಳಗಿನದನ್ನಷ್ಟೇ ಮಾರುತ್ತಾರೆ. ವೇಗ ಕ್ಯಾಮೆರಾದಲ್ಲಿ ಚೆನ್ನಾಗಿ ಕಾಣುತ್ತದೆ, ನಿಖರತೆ ಕಾಣುವುದಿಲ್ಲ, ಕಾರಣ ಇಷ್ಟೇ.

ನಾನು ಮೊದಲು ಕೊಂಡದ್ದು ಹಳೆಯ ಡಿವಿಡಿಗಳ ಒಂದು ಕಟ್ಟು. ಮ್ಯಾಚಿನಲ್ಲಿ ಒಟ್ಟಿಗೆ ಆಡುವ ನಮ್ಮ ಗುಂಪಿನಲ್ಲಿ, ಅಂದರೆ ಸ್ಕ್ವಾಡಿನಲ್ಲಿ, ಇದ್ದ ಹಿರಿಯರೊಬ್ಬರು ಮನೆ ಖಾಲಿ ಮಾಡುವಾಗ ಅಗ್ಗಕ್ಕೆ ಕೊಟ್ಟರು. ಮನೆಯಲ್ಲಿ ಡಿವಿಡಿ ಡ್ರೈವ್ ಇರಲಿಲ್ಲ ಎಂಬುದು ಅದನ್ನು ತಂದ ಮೇಲೆ ನೆನಪಾಯಿತು. ಡ್ರೈವಿಗೆ ಕೊಟ್ಟ ಹಣ ಡಿವಿಡಿಗಳ ಬೆಲೆಯನ್ನು ಮೀರಿತು. ಕಲಿಸುವ ಕ್ರಮದಲ್ಲಿ ದೋಷವಿರಲಿಲ್ಲ. ನಿಲುವು, ಹಿಡಿತ, ಹೋಲ್‌ಸ್ಟರ್‌ನಿಂದ ಎಳೆಯುವ ಹಂತಗಳು, ಎಲ್ಲವನ್ನೂ ಅವಸರವಿಲ್ಲದೆ ತೋರಿಸಿದ್ದರು. ಆದರೆ ಆ ಕಾಲದಲ್ಲಿ ಎಲ್ಲರೂ ಪಿಸ್ತೂಲಿನ ಮೂತಿಯ ಮೇಲಿನ ಫ್ರಂಟ್ ಸೈಟ್ ಮೇಲೆ ಕಣ್ಣು ನೆಟ್ಟು, ಟಾರ್ಗೆಟ್ ಮಸುಕಾದರೂ ಚಿಂತೆಯಿಲ್ಲ ಎಂದು ಹೇಳಿಕೊಡುತ್ತಿದ್ದರು. ರೆಡ್ ಡಾಟ್ ಸೈಟ್‌ಗೆ ಇದು ನೇರ ಉಲ್ಟಾ. ಕಣ್ಣು ಟಾರ್ಗೆಟ್‌ನ ಮೇಲೆ, ಅದೂ ಟಾರ್ಗೆಟ್‌ನ ಒಂದು ಚುಕ್ಕೆಯಷ್ಟು ಜಾಗದ ಮೇಲೆ ನಿಲ್ಲಬೇಕು. ಕೆಂಪು ಬಿಂದು ತಾನಾಗಿಯೇ ಅಲ್ಲಿಗೆ ಬಂದು ಕೂರುತ್ತದೆ. ಆ ಡಿವಿಡಿಗಳನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ ನಾನು ಆರು ತಿಂಗಳು ಬಿಂದುವನ್ನೇ ದಿಟ್ಟಿಸಿ ನೋಡುವ ಚಟ ಹತ್ತಿಸಿಕೊಂಡೆ. ಬಿಡಿಸಿಕೊಳ್ಳಲು ಇನ್ನೂ ಆರು ತಿಂಗಳು ಹಿಡಿಯಿತು. ತಪ್ಪು ಡಿವಿಡಿಯದ್ದಲ್ಲ, ಯಾವ ಬಗೆಯ ಪಿಸ್ತೂಲಿಗೆ, ಯಾವ ಬಗೆಯ ಸೈಟ್‌ಗೆ ಎಂದು ಕೇಳದೆ ಕೊಂಡವನದ್ದು. ಹಳೆಯದೆಲ್ಲ ಬೇಡವೆಂದಲ್ಲ: ಪಾದದ ಚಲನೆ, ಪಿಸ್ತೂಲಿಗೆ ಗುಂಡು ಒದಗಿಸುವ ಮ್ಯಾಗಜೀನ್ ಬದಲಿಸುವಿಕೆ, ಸ್ಟೇಜನ್ನು, ಅಂದರೆ ಮ್ಯಾಚಿನ ಒಂದೊಂದು ಸುತ್ತನ್ನು, ಮೊದಲೇ ಮನಸ್ಸಿನಲ್ಲಿ ಓಡಿಸಿಕೊಳ್ಳುವ ಕ್ರಮ, ಇವು ಇಪ್ಪತ್ತು ವರ್ಷಗಳ ಹಿಂದಿನ ಚಿತ್ರೀಕರಣದಲ್ಲೂ ಹೊಸದಾಗಿಯೇ ಇವೆ. ಕಣ್ಣಿಗೆ ಸಂಬಂಧಿಸಿದ ಪಾಠವನ್ನು ಮಾತ್ರ ಯಾವ ಕಾಲದ್ದೆಂದು ನೋಡಿ ತೆಗೆದುಕೊಳ್ಳಬೇಕು.

ಎರಡನೆಯದು ಒಂದು ಚಂದಾ ಸೇವೆ. ಹೆಸರು ಹೇಳುವುದಿಲ್ಲ. ಪ್ರಸಿದ್ಧ ಶೂಟರ್‌ಗಳು, ಸೊಗಸಾದ ಬೆಳಕು, ಡ್ರೋನ್‌ನಿಂದ ತೆಗೆದ ಮರುಭೂಮಿಯ ನೋಟ, ಹಿನ್ನೆಲೆಯಲ್ಲಿ ಗಿಟಾರ್. ಮೊದಲ ವಾರ ನಾನು ಮೂರು ಹೊತ್ತೂ ಅದನ್ನೇ ನೋಡಿದೆ. ಊಟದ ಮೇಜಿನಲ್ಲಿ ಫೋನ್ ಇಟ್ಟು ನೋಡುತ್ತಿದ್ದಾಗ ನನ್ನ ಹೆಂಡತಿ, "ಅಲ್ಲಾ ರೀ, ದಡದಲ್ಲಿ ಕೂತು ನೋಡಿದ್ರೆ ಈಜು ಬರುತ್ತಾ?" ಎಂದಳು. ಬರುವುದಿಲ್ಲವೆಂದು ಮುಂದಿನ ಮ್ಯಾಚಿನಲ್ಲಿ ಗೊತ್ತಾಯಿತು. ಆ ಪಾಠಗಳನ್ನು ಮತ್ತೆ ಹಾಕಿಕೊಂಡು ಕಾಗದ ಪೆನ್ನು ಹಿಡಿದು ಕೂತಾಗ ಎರಡು ಸಂಗತಿ ಹೊಳೆದವು. ಒಂದು, ಕಲಿಸುವವರು ಸರಸರನೆ ಹೊಡೆದು ಮುಗಿಸಿದ ತಕ್ಷಣ ದೃಶ್ಯ ಕತ್ತರಿಸಿ ಅವರ ಮುಖಕ್ಕೆ ಹೋಗುತ್ತಿತ್ತು. ಗುಂಡು ಎಲ್ಲಿ ಬಿತ್ತೆಂದು ಒಮ್ಮೆಯೂ ಹತ್ತಿರದಿಂದ ತೋರಿಸುತ್ತಿರಲಿಲ್ಲ. ಇನ್ನೊಂದು, ನಲವತ್ತು ನಿಮಿಷಗಳ ಒಂದು ಪಾಠದಲ್ಲಿ ಕಲಿಯುವವನು ಮಾಡಬೇಕಾದ ಕೆಲಸವೆಂದು ನಾನು ಬರೆದುಕೊಳ್ಳಲು ಸಾಧ್ಯವಾದದ್ದು ಎರಡೇ ಸಾಲು. ಉಳಿದದ್ದು ಅನುಭವದ ಕಥೆ, ಪ್ರಾಯೋಜಕರ ಪಿಸ್ತೂಲಿನ ಗುಣಗಾನ. ಒಂದು ತಿಂಗಳಿಗೆಂದು ತೆಗೆದುಕೊಂಡ ಚಂದಾ ತಾನಾಗಿಯೇ ಮುಂದುವರಿದು, ನಿಲ್ಲಿಸುವ ಬಟನ್ ಹುಡುಕುವಷ್ಟರಲ್ಲಿ ಇನ್ನೂ ನಾಲ್ಕು ತಿಂಗಳ ಹಣ ಹೋಯಿತು. ಅದು ಬೇರೆ ಕಥೆ.

ಅಂದಿನಿಂದ ನಾನು ಇಟ್ಟುಕೊಂಡ ಮೊದಲ ಪರೀಕ್ಷೆ ಇದು: ಟೈಮರ್‌ನ ಬೀಪ್, ಗುಂಡು ಹೊಡೆಯುವುದು, ಆಮೇಲೆ ಟಾರ್ಗೆಟ್‌ನ ತೂತುಗಳು, ಟೈಮರ್ ತೋರಿಸುವ ಸಂಖ್ಯೆ, ಈ ನಾಲ್ಕೂ ಕತ್ತರಿ ಹಾಕದ ಒಂದೇ ದೃಶ್ಯದಲ್ಲಿ ಬರುತ್ತವೆಯೇ? ಉಚಿತವಾಗಿ ಸಿಗುವ ಎರಡು ನಿಮಿಷಗಳ ಮಾದರಿ ತುಣುಕಿನಲ್ಲೇ ಇದು ತಿಳಿಯುತ್ತದೆ. ಬರುವುದಾದರೆ ಕಲಿಸುವವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆಯಿದೆ, ಮುಚ್ಚಿಡುವುದೇನೂ ಇಲ್ಲ ಎಂದರ್ಥ. ಇದೊಂದೇ ಪರೀಕ್ಷೆಯಲ್ಲಿ ನಾನು ನೋಡಿದ್ದರಲ್ಲಿ ಮುಕ್ಕಾಲು ಪಾಲು ವಿಡಿಯೊಗಳು ಉದುರಿಹೋದವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಬೆರಗಿಗಾಗಿ ನೋಡುವ ವಿಡಿಯೊ ಬೇರೆ, ಕಲಿಯಲು ನೋಡುವ ವಿಡಿಯೊ ಬೇರೆ. 1999ರಲ್ಲಿ ಜೆರ್ರಿ ಮಿಕ್ಯುಲೆಕ್ ರಿವಾಲ್ವರ್‌ನಿಂದ ಆರು ಗುಂಡು ಹೊಡೆದು, ಮತ್ತೆ ಆರು ತುಂಬಿ, ಅವನ್ನೂ ಹೊಡೆದು ಮುಗಿಸಿದ್ದು 2.99 ಸೆಕೆಂಡಿನಲ್ಲಿ. ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ, ಇನ್ನೂ ನೋಡುತ್ತೇನೆ. ಆದರೆ ಅದರಿಂದ ನನ್ನ ಕೈಗೆ ಬಂದದ್ದು ಏನೂ ಇಲ್ಲ. ಆ ವೇಗದಲ್ಲಿ ಕೈ ಏನು ಮಾಡುತ್ತಿದೆ ಎಂಬುದು ಕಣ್ಣಿಗೆ ಸಿಕ್ಕುವುದೇ ಇಲ್ಲ. ಮನರಂಜನೆಗೆ ಹಣ ಕೊಡುವುದು ತಪ್ಪಲ್ಲ, ಅದನ್ನು ಅಭ್ಯಾಸದ ಲೆಕ್ಕಕ್ಕೆ ಬರೆದುಕೊಳ್ಳುವುದು ತಪ್ಪು.

ಮೂರನೆಯ ಖರೀದಿಗೆ ಹೋಗುವ ಮುನ್ನ ನಾನು ಬುದ್ಧಿ ಬಂದವನಂತೆ ಒಂದು ಕೆಲಸ ಮಾಡಿದೆ, ಮತ್ತು ಇಡೀ ವಿಮರ್ಶೆಯಲ್ಲಿ ಓದುಗರು ಒಂದನ್ನೇ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಲಿ ಎಂದು ಬಯಸುತ್ತೇನೆ. ಬೇರೆಯವರ ವಿಡಿಯೊ ಕೊಳ್ಳುವ ಮೊದಲು ನನ್ನದೇ ವಿಡಿಯೊ ತೆಗೆದೆ. ಎಲ್ ಪ್ರೆಸಿಡೆಂಟೆ ಎಂಬ ಹಳೆಯ ಅಭ್ಯಾಸವೊಂದಿದೆ. ಜೆಫ್ ಕೂಪರ್ ಕಾಲದಿಂದ ಬಂದದ್ದು, ಇಂದಿಗೂ ಯುಎಸ್‌ಪಿಎಸ್‌ಎ ದರ್ಜೆ ನಿರ್ಧರಿಸುವ ಸ್ಟೇಜ್‌ಗಳಲ್ಲಿ ಅದೂ ಒಂದು. ಹತ್ತು ಗಜ ದೂರದಲ್ಲಿ ಮೂರು ಟಾರ್ಗೆಟ್. ಅವುಗಳಿಗೆ ಬೆನ್ನು ತಿರುಗಿಸಿ, ಕೈ ಮೇಲೆತ್ತಿ ನಿಲ್ಲಬೇಕು. ಬೀಪ್ ಕೇಳಿದೊಡನೆ ತಿರುಗಿ, ಪಿಸ್ತೂಲು ತೆಗೆದು, ಒಂದೊಂದಕ್ಕೆ ಎರಡೆರಡು ಗುಂಡು, ಮ್ಯಾಗಜೀನ್ ಬದಲಾವಣೆ, ಮತ್ತೆ ಒಂದೊಂದಕ್ಕೆ ಎರಡೆರಡು. ಒಟ್ಟು 12 ಗುಂಡು, ಗರಿಷ್ಠ 60 ಅಂಕ.

ಗೆಳೆಯನೊಬ್ಬ ನನ್ನ ಎಡಗಡೆಯಿಂದ, ಹೊಡೆಯುವ ಗೆರೆಗಿಂತ ಹಿಂದೆಯೇ ನಿಂತು, ಫೋನಿನ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರಗಳಂತೆ ತೆಗೆದುಕೊಟ್ಟ. ಎಂಟು ಎ, ಮೂರು ಸಿ, ಒಂದು ಡಿ: 50 ಅಂಕ. ಸಮಯ 8.2 ಸೆಕೆಂಡು. ಹಿಟ್ ಫ್ಯಾಕ್ಟರ್ 6.10. ಪಿಸ್ತೂಲು ಎಳೆಯುವುದೇ ನನ್ನ ದೌರ್ಬಲ್ಯ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಎಳೆಯುವುದನ್ನು ಕಲಿಸುವ ವಿಡಿಯೊಗಳನ್ನೇ ಕೊಂಡಿದ್ದೆ. ಟೈಮರ್ ಬೇರೆಯೇ ಹೇಳಿತು. ತಿರುಗಿ ಮೊದಲ ಗುಂಡು ಹೊಡೆಯಲು 2.0 ಸೆಕೆಂಡು, ಮುಂದಿನ ಐದಕ್ಕೆ 1.9, ಮ್ಯಾಗಜೀನ್ ಬದಲಿಸಿ ಮತ್ತೆ ಮೊದಲ ಗುಂಡು ಹೊಡೆಯುವುದಕ್ಕೆ 2.3, ಕೊನೆಯ ಐದಕ್ಕೆ 2.0. ಮ್ಯಾಗಜೀನ್ ಬದಲಿಸುವಾಗಲೇ ಕಾಲ ಸೋರುತ್ತಿತ್ತು. ಅದಕ್ಕಿಂತ ಕೆಟ್ಟದ್ದು ತೂತುಗಳಲ್ಲಿತ್ತು: ಎ ವಲಯ ತಪ್ಪಿದ ನಾಲ್ಕರಲ್ಲಿ ಮೂರು ಟಾರ್ಗೆಟ್‌ನ ಕೆಳ ಎಡಕ್ಕೆ ಬಿದ್ದಿದ್ದವು. ಸ್ಲೋ ಮೋಷನ್‌ನಲ್ಲಿ ನೋಡಿದರೆ ಗುಂಡು ಸಿಡಿಯುವ ಮುನ್ನವೇ ಪಿಸ್ತೂಲಿನ ಮೂತಿ ಒಂದಿಷ್ಟು ಕೆಳಗೆ ತಲೆಬಾಗುತ್ತಿತ್ತು. ಗೆಳೆಯ ನನಗೆ ತಿಳಿಯದಂತೆ ಮ್ಯಾಗಜೀನಿನಲ್ಲಿ ಒಂದು ಡಮ್ಮಿ ಗುಂಡು ಸೇರಿಸಿ ಕೊಟ್ಟ. ಅದು ಬಂದಾಗ ಸದ್ದಿಲ್ಲ, ಆದರೆ ನನ್ನ ಪಿಸ್ತೂಲು ನಮಸ್ಕಾರ ಮಾಡಿತು. ಸ್ಕ್ವಾಡ್ ಪೂರ್ತಿ ನಕ್ಕಿತು.

ಹೀಗೆ ನನಗೆ ಬೇಕಾದದ್ದು ಎರಡು ಸಂಗತಿ ಎಂದು ಖಚಿತವಾಯಿತು: ಟ್ರಿಗರ್ ಎಳೆಯುವಾಗ ಪಿಸ್ತೂಲು ಅಲುಗದಂತೆ ಹಿಡಿಯುವುದು, ಮತ್ತು ಮ್ಯಾಗಜೀನ್ ಬದಲಾವಣೆ. ಅಂಗಡಿಗೆ ಚೀಟಿಯಿಲ್ಲದೆ ಹೋದವನು ಬೇಡದ್ದನ್ನೆಲ್ಲ ಹೊತ್ತು ತರುತ್ತಾನೆ. ಈಗ ಕೈಯಲ್ಲಿ ಚೀಟಿಯಿತ್ತು.

ಹಿಡಿತಕ್ಕಾಗಿ ಕೊಂಡದ್ದು ಒಂದೇ ವಿಷಯದ, ಐವತ್ತು ನಿಮಿಷಗಳ, ಹಣ ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳುವ ವಿಡಿಯೊ. ನಾನು ಕೊಂಡವುಗಳಲ್ಲೆಲ್ಲ ಇದು ಶ್ರೇಷ್ಠ. ಚಿತ್ರೀಕರಣ ಸಾಧಾರಣ, ಗಾಳಿಯ ಸದ್ದು ಮೈಕಿಗೆ ಬಡಿಯುತ್ತಿತ್ತು, ಕಲಿಸುವವರು ಟೋಪಿ ಹಾಕಿ ಬಿಸಿಲಿನಲ್ಲಿ ನಿಂತು ಮಾತಾಡಿದ್ದರು. ಆದರೆ ಅಲ್ಲಿ ಒಬ್ಬ ಶಿಷ್ಯನಿದ್ದ, ನನ್ನಂಥವನೇ. ಅವನ ಗುಂಡುಗಳೂ ಕೆಳ ಎಡಕ್ಕೇ ಬೀಳುತ್ತಿದ್ದವು. ಕಲಿಸುವವರು ತಮ್ಮ ಎರಡೂ ಕೈಗಳಿಂದ ಅವನ ಕೈಗಳನ್ನು ಸುತ್ತಿ ಹಿಡಿದು, ಎಡಗೈ ಎಷ್ಟು ಒತ್ತಬೇಕು, ಬಲಗೈ ಎಷ್ಟು ಸಡಿಲವಿದ್ದರೆ ಟ್ರಿಗರ್ ಬೆರಳು ಸ್ವತಂತ್ರವಾಗಿ ಆಡುತ್ತದೆ ಎಂದು ಮುಟ್ಟಿ ತೋರಿಸಿದರು. ಆಮೇಲೆ ಏಳು ಗಜದಲ್ಲಿ ಎರಡೆರಡು ಗುಂಡು ಬೇಗ ಬೇಗ ಹೊಡೆಸಿ, ಎರಡನೆಯದು ಎಲ್ಲಿ ಬಿತ್ತೆಂದು ಟಾರ್ಗೆಟ್ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದರು. ಅವನು ತಪ್ಪಿದ. ಮತ್ತೆ ತಪ್ಪಿದ. ಹನ್ನೊಂದನೆಯ ಸಲವೋ ಏನೋ ಎರಡೂ ಗುಂಡು ಎ ವಲಯದೊಳಗೆ ಬಿದ್ದವು, ಆ ಹತ್ತು ತಪ್ಪುಗಳನ್ನು ಅವರು ಕತ್ತರಿಸಿರಲಿಲ್ಲ. ಕಲಿಸುವವರು ಮಾತ್ರ ಹೊಡೆಯುವ ವಿಡಿಯೊದಲ್ಲಿ ತಪ್ಪೇ ಇರುವುದಿಲ್ಲ. ತಪ್ಪಿಲ್ಲದ ಕಡೆ ತಿದ್ದುವುದು ಹೇಗೆಂದು ನೋಡುವವನಿಗೆ ತಿಳಿಯುವುದಾದರೂ ಎಲ್ಲಿಂದ? ಆದ್ದರಿಂದ ಎರಡನೆಯ ಪರೀಕ್ಷೆ: ವಿಡಿಯೊದಲ್ಲಿ ನಿಮ್ಮ ದರ್ಜೆಯ ಒಬ್ಬ ಕಲಿಯುವವನಿದ್ದಾನೆಯೇ?

ಟ್ರಿಗರ್ ವಿಷಯದಲ್ಲಿ ಹೆಸರು ಹೇಳಿಯೇ ಹೊಗಳಬಹುದಾದವರು ರಾಬ್ ಲೇಥಮ್. ಹಲವು ಬಾರಿ ವಿಶ್ವ ಚಾಂಪಿಯನ್ ಆದ ಇವರ ಪ್ರಸಿದ್ಧ ವಾದವೆಂದರೆ, ಟ್ರಿಗರ್ ಎಳೆಯುವ ಕ್ಷಣದಲ್ಲಿ ಪಿಸ್ತೂಲು ಅಲುಗಿದರೆ ಅದಕ್ಕೆ ಮುಂಚೆ ಎಷ್ಟು ಚೆನ್ನಾಗಿ ಗುರಿಯಿಟ್ಟಿದ್ದರೂ ಉಪಯೋಗವಿಲ್ಲ ಎಂಬುದು. ಟ್ರಿಗರನ್ನು ಮೆಲ್ಲಗೆ, ಅರಿವಿಗೇ ಬಾರದಂತೆ ಒತ್ತಬೇಕೆಂಬ ಹಳೆಯ ಉಪದೇಶವನ್ನು ಅವರು ಈ ಆಟದ ಮಟ್ಟಿಗೆ ಒಪ್ಪುವುದಿಲ್ಲ. ಬೇಗ ಎಳೆಯಿರಿ, ಆದರೆ ಅಲುಗಿಸಬೇಡಿ ಎನ್ನುತ್ತಾರೆ. ಉಚಿತವಾಗಿ ಸಿಗುವ ಅವರ ಕಿರು ವಿಡಿಯೊಗಳು ನಾನು ಹಣ ಕೊಟ್ಟ ಹಲವು ಗಂಟೆಗಳಿಗಿಂತ ಬೆಲೆಬಾಳುತ್ತವೆ. ಹಾಗೆಯೇ ಬೆನ್ ಸ್ಟೋಗರ್ ತಮ್ಮ ತರಗತಿಗಳ ತುಣುಕುಗಳನ್ನು ಯೂಟ್ಯೂಬ್‌ನಲ್ಲಿ ಹಾಕುತ್ತಾರೆ. ಮಾತು ಒರಟು, ಹಾಸ್ಯ ಎಲ್ಲರಿಗೂ ಹಿಡಿಸುವಂಥದ್ದಲ್ಲ, ಮಕ್ಕಳ ಮುಂದೆ ಸ್ಪೀಕರಿನಲ್ಲಿ ಹಾಕದಿರುವುದು ಒಳ್ಳೆಯದು. ಆದರೆ ಶಿಷ್ಯರು ತಪ್ಪುವುದನ್ನೂ ಅವರು ತಿದ್ದುವುದನ್ನೂ ನೇರವಾಗಿ ನೋಡಬಹುದು.

ಮ್ಯಾಗಜೀನ್ ಬದಲಾವಣೆಗೆ ನಾನು ಒಂದು ಕಾಸನ್ನೂ ಕೊಡಲಿಲ್ಲ. ಒಂಬತ್ತು ನಿಮಿಷಗಳ ಉಚಿತ ವಿಡಿಯೊವೊಂದು ಅದನ್ನು ಮೂರು ತುಂಡು ಮಾಡಿ ತೋರಿಸಿತು. ಮೊದಲ ತುಂಡು ಶೂಟರ್‌ಗಳ ಬಾಯಲ್ಲಿ ಬರ್ಕೆಟ್ ರಿಲೋಡ್ ಎಂದೇ ಪ್ರಸಿದ್ಧ: ಪಿಸ್ತೂಲಿನಿಂದ ಹಳೆಯ ಮ್ಯಾಗಜೀನ್ ಬೀಳಿಸಿ, ಎಡಗೈಯಿಂದ ಸೊಂಟದ ಚೀಲದ ಹೊಸದನ್ನು ತೆಗೆದು, ಪಿಸ್ತೂಲಿನ ಹಿಡಿಯ ಕೆಳಗಿನ ರಂಧ್ರದ ಬಾಯಿಯವರೆಗೆ ತಂದು ಅಲ್ಲೇ ನಿಲ್ಲಿಸುವುದು, ಒಳಗೆ ತಳ್ಳುವುದಿಲ್ಲ. ಅದನ್ನೇ ನೂರಾರು ಸಲ ಮಾಡಿದಾಗ ಮ್ಯಾಗಜೀನ್ ಪ್ರತಿ ಸಲವೂ ಒಂದೇ ಕೋನದಲ್ಲಿ ಬಂದು ನಿಲ್ಲತೊಡಗುತ್ತದೆ. ತೋರುಬೆರಳು ಮ್ಯಾಗಜೀನಿನ ಮುಂಬದಿಯ ಉದ್ದಕ್ಕೂ, ತುದಿಯಲ್ಲಿರುವ ಗುಂಡಿನ ಮೂತಿಯವರೆಗೆ ಚಾಚಿರಬೇಕು. ಪಿಸ್ತೂಲು ಸೊಂಟದ ಮಟ್ಟಕ್ಕೆ ಇಳಿಯದೆ ಮುಖದ ಎದುರಿಗೇ ಇರಬೇಕು. ಕಣ್ಣು ಆ ಒಂದು ಕ್ಷಣ ಮ್ಯಾಗಜೀನ್ ಹೋಗಬೇಕಾದ ರಂಧ್ರವನ್ನು ನೋಡಬೇಕು. ಸ್ಲೋ ಮೋಷನ್‌ನಲ್ಲಿ ನನ್ನ ಕೈ ನೋಡಿದಾಗ ನಾನು ಮ್ಯಾಗಜೀನನ್ನು ಮೊಸರಿನ ಪ್ಯಾಕೆಟ್ ಹಿಡಿದಂತೆ ಅಂಗೈ ಪೂರ್ತಿ ಸುತ್ತಿ ಹಿಡಿಯುತ್ತಿದ್ದುದು ಕಂಡಿತು.

ಎರಡು ತಿಂಗಳು, ವಾರಕ್ಕೆ ಐದು ದಿನ, ದಿನಕ್ಕೆ ಹದಿನೈದು ನಿಮಿಷ ಮನೆಯಲ್ಲೇ ಡ್ರೈ ಫೈರ್, ಅಂದರೆ ಖಾಲಿ ಪಿಸ್ತೂಲಿನ ಅಭ್ಯಾಸ ಮಾಡಿದೆ. ರೇಂಜ್‌ಗೆ ಹೋದದ್ದು ನಾಲ್ಕೇ ಸಲ. ಆಮೇಲೆ ಅದೇ ಎಲ್ ಪ್ರೆಸಿಡೆಂಟೆ: ಹತ್ತು ಎ, ಎರಡು ಸಿ, 56 ಅಂಕ, 7.5 ಸೆಕೆಂಡು, ಹಿಟ್ ಫ್ಯಾಕ್ಟರ್ 7.47. ಉಳಿಸಿದ 0.7 ಸೆಕೆಂಡಿನಲ್ಲಿ 0.5 ಬಂದದ್ದು ಮ್ಯಾಗಜೀನ್ ಬದಲಾವಣೆಯಿಂದ. ಲೆಕ್ಕ ಹಾಕುವ ಕಸುಬಿನವನಾದ್ದರಿಂದ ಇನ್ನೊಂದು ಭಾಗಾಕಾರವನ್ನೂ ಮಾಡಿ ನೋಡಿದೆ. ಹಳೆಯ 50 ಅಂಕಗಳನ್ನೇ ಇಟ್ಟುಕೊಂಡು ಸಮಯವನ್ನು ಮಾತ್ರ ಇಳಿಸಿದ್ದರೆ 6.67 ಆಗುತ್ತಿತ್ತು. ಹಳೆಯ ಸಮಯವನ್ನೇ ಇಟ್ಟುಕೊಂಡು ಅಂಕ ಮಾತ್ರ ಏರಿಸಿದ್ದರೆ 6.83. ಅಂದರೆ ಗಾಳಿಯ ಸದ್ದಿನ ಆ ಸಾಧಾರಣ ವಿಡಿಯೊ ಕಲಿಸಿದ ಹಿಡಿತವು, ಕಣ್ಣಿಗೆ ಕಾಣುವಂಥ ವೇಗಕ್ಕಿಂತ ಒಂದು ತೂಕ ಹೆಚ್ಚೇ ಕೊಟ್ಟಿತು. ನಾನು ಊಹಿಸಿದ್ದು ಇದರ ವಿರುದ್ಧವಾಗಿತ್ತು.

ಈ ಆಟದಲ್ಲಿ ಮುಂದೆ ಬಂದವರೆಲ್ಲ ಬೆಳೆದದ್ದು ಬಹುಮಟ್ಟಿಗೆ ಡ್ರೈ ಫೈರ್‌ನಿಂದಲೇ. 9 ಎಂಎಂ ಗುಂಡು ಒಂದಕ್ಕೆ ಇಲ್ಲಿ ಸುಮಾರು 25ರಿಂದ 30 ಸೆಂಟ್ ಬೀಳುತ್ತದೆ; ಒಂದು ಮಧ್ಯಾಹ್ನ 200 ಗುಂಡು ಹೊಡೆದರೆ 50ರಿಂದ 60 ಡಾಲರ್ ಹೊಗೆಯಾಗಿ ಹೋಗುತ್ತದೆ. ಹೀಗಿರುವಾಗ ಮನೆಯಲ್ಲಿ ಮಾಡಬಹುದಾದ ಅಭ್ಯಾಸವನ್ನೂ, ಅದಕ್ಕೆ ಟೈಮರ್‌ನಲ್ಲಿ ಇಟ್ಟುಕೊಳ್ಳಬೇಕಾದ ಪಾರ್ ಟೈಮನ್ನೂ, ಅಂದರೆ ಅಷ್ಟರೊಳಗೆ ಮುಗಿಸಬೇಕಾದ ಸಮಯವನ್ನೂ, ಹೇಳದ ವಿಡಿಯೊ ಅರ್ಧ ಪಾಠವಷ್ಟೇ ಹೇಳಿದಂತೆ. ಆದರೆ ಇದೇ ಜಾಗದಲ್ಲಿ ಅತಿ ದೊಡ್ಡ ಅಪಾಯವೂ ಇದೆ. ಗುಂಡುಗಳೆಲ್ಲ ಬೇರೆ ಕೋಣೆಯಲ್ಲಿರಬೇಕು; ಪಿಸ್ತೂಲು ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು; ಮ್ಯಾಗಜೀನ್‌ಗಳನ್ನು ಒಂದೊಂದಾಗಿ ನೋಡಬೇಕು; ಹಿಂದೆ ಯಾರೂ ಇರಲಾರದ, ಗುಂಡನ್ನು ತಡೆಯಬಲ್ಲ ಗೋಡೆಯ ಕಡೆಗೇ ಗುರಿಯಿಡಬೇಕು; ಅಭ್ಯಾಸ ಮುಗಿಯಿತೆಂದು ಬಾಯಿಬಿಟ್ಟು ಹೇಳಿ ಪಿಸ್ತೂಲನ್ನು ಪೆಟ್ಟಿಗೆಗೆ ಸೇರಿಸಿದ ಮೇಲೆ "ಇನ್ನೊಂದೇ ಸಲ" ಎಂದು ಹೊರತೆಗೆಯಬಾರದು. ಈ ಮಾತುಗಳನ್ನು ಹೇಳದೆ ನೇರವಾಗಿ ಡ್ರೈ ಫೈರ್ ತೋರಿಸಿದ ಎರಡು ವಿಡಿಯೊಗಳನ್ನು ನಾನು ಅಲ್ಲಿಗೇ ಮುಚ್ಚಿದೆ. ಅವರಲ್ಲಿ ಒಬ್ಬರು ಹೇಳಿಕೊಟ್ಟ ರೀತಿ ನಿಜಕ್ಕೂ ಚೆನ್ನಾಗಿತ್ತು, ಆದರೂ ಮುಚ್ಚಿದೆ.

ಸುರಕ್ಷತೆಯನ್ನು ಅಳೆಯಲು ಇನ್ನೊಂದು ಸುಲಭದ ಗುರುತಿದೆ. ಪಿಸ್ತೂಲಿನ ಮೂತಿ ನೇರವಾಗಿ ಕ್ಯಾಮೆರಾದ ಕಡೆಗಿರುವ ದೃಶ್ಯ ಬಂದರೆ, ಆ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಟ್ಟು ಬಂದಿದ್ದರೇ, ಇಲ್ಲವೇ ಅದರ ಹಿಂದೆ ಮನುಷ್ಯನೊಬ್ಬ ಇದ್ದನೇ ಎಂದು ನೋಡಿ. ಕ್ಯಾಮೆರಾ ಅಲುಗುತ್ತಿದ್ದರೆ ಉತ್ತರ ಸಿಕ್ಕಿತು. ಮ್ಯಾಚಿನಲ್ಲಿ ಮೂತಿ 180 ಡಿಗ್ರಿಯ ಗೆರೆ, ಅಂದರೆ ಶೂಟರ್‌ನ ಎಡಬಲಕ್ಕೆ ಅಡ್ಡಲಾಗಿ ಊಹಿಸಿಕೊಂಡ ಗೆರೆ, ದಾಟಿ ಹಿಂದಕ್ಕೆ ತಿರುಗಿದರೆ, ಪಿಸ್ತೂಲು ಕೈಜಾರಿ ಬಿದ್ದರೆ, ರೇಂಜ್ ಆಫೀಸರ್ ಅಲ್ಲೇ ನಿಲ್ಲಿಸಿ ಇಡೀ ಮ್ಯಾಚಿನಿಂದ ಮನೆಗೆ ಕಳಿಸುತ್ತಾರೆ, ತಪ್ಪು ಮಾಡಿದವರು ಎಷ್ಟೇ ದೊಡ್ಡ ಶೂಟರ್ ಆಗಿರಲಿ. ಓಡುವಾಗ, ಮ್ಯಾಗಜೀನ್ ಬದಲಿಸುವಾಗ ಬೆರಳು ಟ್ರಿಗರ್‌ನಿಂದ ಹೊರಗಿದೆಯೇ ಎಂದು ಕಲಿಸುವವರ ಬೆರಳನ್ನೇ ನೋಡುತ್ತ ಕುಳಿತರೆ ಅವರು ಯಾವ ಮಟ್ಟದವರೆಂದು ಐದು ನಿಮಿಷದಲ್ಲಿ ತಿಳಿಯುತ್ತದೆ.

ಮ್ಯಾಚಿನಲ್ಲಿ ತಲೆಗೆ ಕ್ಯಾಮೆರಾ ಕಟ್ಟಿಕೊಂಡು ತೆಗೆದ ದೃಶ್ಯಗಳ ಬಗ್ಗೆ ಒಂದು ಮಾತು. ಅವು ಪಾಠವೆಂದು ಮಾರಾಟವಾಗುವುದಿಲ್ಲ, ಉಚಿತವಾಗಿ ರಾಶಿ ರಾಶಿ ಸಿಗುತ್ತವೆ. ನಾನು ಆಡಿದ ಸ್ಟೇಜನ್ನೇ ಅದೇ ದಿನ ಎಲ್ಲಕ್ಕೂ ಮೇಲಿನ ಗ್ರ್ಯಾಂಡ್ ಮಾಸ್ಟರ್ ದರ್ಜೆಯವರು ಹೇಗೆ ಆಡಿದರೆಂದು ನೋಡುವುದಕ್ಕಿಂತ ಒಳ್ಳೆಯ ಸ್ಟೇಜ್ ಪಾಠ ನನಗೆ ಸಿಕ್ಕಿಲ್ಲ. ಒಮ್ಮೆ ನಾಲ್ಕು ಜಾಗಗಳಲ್ಲಿ ನಿಂತು ನಾನು ಮುಗಿಸಿದ ಸ್ಟೇಜನ್ನು ಅವರು ಮೂರೇ ಜಾಗದಿಂದ ಮುಗಿಸಿದ್ದರು. ಒಂದು ಪೀಪಾಯಿಯ ಪಕ್ಕದಿಂದ ಎರಡು ಟಾರ್ಗೆಟ್ ಒಟ್ಟಿಗೆ ಕಾಣುತ್ತವೆಂಬುದು ನನಗೆ ಐದು ನಿಮಿಷ ಸುತ್ತಾಡಿದರೂ ತಿಳಿದಿರಲಿಲ್ಲ. ಅಲ್ಲಿ ಹೋದ ಮೂರು ಸೆಕೆಂಡುಗಳನ್ನು ಯಾವ ಹಿಡಿತವೂ ವಾಪಸ್ ತಂದುಕೊಡಲಾರದು.

ವಿಭಾಗದ ಹೊಂದಾಣಿಕೆಯನ್ನು ಹೆಚ್ಚು ಬೆಳೆಸಬೇಕಿಲ್ಲ. ಓಪನ್ ವಿಭಾಗದ ಪಿಸ್ತೂಲಿಗೆ ಒದೆತ ತಗ್ಗಿಸುವ ಕಾಂಪನ್ಸೇಟರ್ ಇರುತ್ತದೆ. ಅದರ ಮೇಲೆ ತೋರಿಸಿದ ಲಯ ನಮ್ಮ ಸಾಮಾನ್ಯ ಪಿಸ್ತೂಲಿಗೆ ಹಾಗೆಯೇ ಬಾರದು. ವಯಸ್ಸಿನ ಹೊಂದಾಣಿಕೆಯೂ ಅಷ್ಟೇ: ಇಪ್ಪತ್ತೆರಡರ ಹುಡುಗನ ಮಂಡಿಗೆ ಬರೆದ ಪಾದಚಲನೆಯನ್ನು ನಾನು ಒಂದು ವಾರ ಮಾಡಿ ಎರಡು ವಾರ ಮೆಟ್ಟಿಲು ಹತ್ತಲು ಒದ್ದಾಡಿದೆ.

ಅಮೆರಿಕದಲ್ಲಿರುವ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ, ಇದನ್ನು ಯಾವ ವಿಡಿಯೊವೂ ಹೇಳುವುದಿಲ್ಲ. ಎಚ್-1ಬಿ ಮುಂತಾದ ತಾತ್ಕಾಲಿಕ ವೀಸಾದ ಮೇಲಿರುವವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದನ್ನು ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಬೇಟೆಯ ಪರವಾನಗಿ ಇರುವವರಿಗೆ ಇದ್ದಂತೆ ಕೆಲವೇ ವಿನಾಯಿತಿಗಳಿವೆ. ನಾನು ಪಿಸ್ತೂಲು ಕೊಂಡದ್ದು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆ. ಗೆಳೆಯರ ಮಾತು ನಂಬಿ ಹೆಜ್ಜೆಯಿಡದೆ ವಕೀಲರನ್ನು ಕೇಳುವುದು ಲೇಸು. ಊರಿನಲ್ಲಿ 10 ಮೀಟರ್ ಏರ್ ಪಿಸ್ತೂಲು ಅಭ್ಯಾಸ ಮಾಡುತ್ತಿರುವವರಿಗೆ ಈ ಬಗೆಯ ವಿಡಿಯೊಗಳಿಂದ ಹೆಚ್ಚಿನ ಪ್ರಯೋಜನವಿಲ್ಲ. ಎರಡು ಕೈಯ ಹಿಡಿತವೂ ಓಟವೂ ಅವರ ಆಟದಲ್ಲಿ ಇಲ್ಲವೇ ಇಲ್ಲ. ವಿರಾಜಪೇಟೆಯ ಕಡೆ ಕೈಲ್‌ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಕೋವಿಯಿಂದ ಗುಂಡು ಹೊಡೆಯುವುದನ್ನು ಬಾಲ್ಯದಲ್ಲಿ ನೋಡಿದ್ದ ನನಗೆ, ಒಂದೇ ಗುಂಡಿಗಾಗಿ ಉಸಿರು ಬಿಗಿಹಿಡಿದು ಕಾಯುವ ಆ ಗುರಿಕಾರರ ಲಯವನ್ನು ಮೈಯಿಂದ ಬಿಡಿಸುವುದೇ ಇಲ್ಲಿ ಮೊದಲ ವರ್ಷದ ಕೆಲಸವಾಯಿತು.

ಸದ್ಯ ನನ್ನ ಬಳಿ ಉಳಿದಿರುವುದು ಹಿಡಿತದ ಆ ಐವತ್ತು ನಿಮಿಷಗಳ ವಿಡಿಯೊ, ಫೋನಿನಲ್ಲೇ ಇಳಿಸಿಕೊಂಡಿದ್ದೇನೆ, ಏಕೆಂದರೆ ನಮ್ಮ ರೇಂಜ್‌ನಲ್ಲಿ ಸಿಗ್ನಲ್ ಸಿಗುವುದಿಲ್ಲ. ಚಂದಾಗಳು ಎಲ್ಲವೂ ನಿಂತಿವೆ. ನಡೆಯುತ್ತಲೇ ಗುಂಡು ಹೊಡೆಯುವುದನ್ನು ಕಲಿಸುವ ವಿಡಿಯೊವೊಂದರ ಮೇಲೆ ಕಣ್ಣಿದೆ; ಅದರ ಮಾದರಿ ತುಣುಕಿನಲ್ಲಿ ಟಾರ್ಗೆಟ್‌ನ ತೂತುಗಳನ್ನು ತೋರಿಸಿದ್ದಾರೆ, ಶಿಷ್ಯನೊಬ್ಬ ಎಡವಿದ್ದೂ ಇದೆ. ಆದರೆ ಮುಂದಿನ ಶನಿವಾರದ ಮ್ಯಾಚಿನಲ್ಲಿ ಗೆಳೆಯ ತೆಗೆಯುವ ನನ್ನ ವಿಡಿಯೊ ನೋಡಿ, ಅಂಕ ಸೋರುತ್ತಿರುವುದು ನಡಿಗೆಯಲ್ಲೇ ಎಂದು ಖಾತರಿಯಾದ ಮೇಲೆಯೇ ಅದಕ್ಕೆ ಕಾರ್ಡ್ ನಂಬರ್ ಕೊಡುತ್ತೇನೆ.